ಕೋಚ್ ಮೊದಲು ಬಂದರು, ಬಾಸ್ ಆಮೇಲೆ ಬಂದರು

ಕೆನಡಾದ ವ್ಯಾಂಕೂವರ್ ಕನಕ್ಸ್ ಐಸ್ ಹಾಕಿ ತಂಡದ ಅಭಿಮಾನಿ ಆಗೋರು ಯಾರೂ ಗೆಲುವು ನೋಡಿ ಆಗಿರೋದಿಲ್ಲ. 1970ರಲ್ಲಿ ಎನ್‌ಎಚ್‌ಎಲ್ ಅನ್ನೋ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಸೇರಿದ ತಂಡ ಇದು. ಇವತ್ತಿನವರೆಗೆ ಒಂದು ಸಲವೂ ಲೀಗ್ ಗೆದ್ದವರಿಗೆ ಸಿಗುವ ಸ್ಟಾನ್ಲಿ ಕಪ್ ಎತ್ತಿಲ್ಲ. 1982, 1994, 2011ರಲ್ಲಿ ಫೈನಲ್ ತನಕ ಹೋಗಿ ಸೋತಿತು. ಕೊನೆಯ ಎರಡು ಸಲ ಏಳನೇ, ಅಂದರೆ ನಿರ್ಣಾಯಕ ಮ್ಯಾಚಿನಲ್ಲಿ ಸೋಲು, ಎರಡು ಸಲವೂ ಪೇಟೆಯಲ್ಲಿ ದೊಂಬಿ. ನಾನು ಈ ಊರಿಗೆ ಬಂದಿದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಹಾಕಿ ಹುಚ್ಚು ಹತ್ತಿಸಿದ್ದು ಆಫೀಸಿನಲ್ಲಿ ಪಕ್ಕದ ಸೀಟಿನಲ್ಲಿದ್ದ ಸರ್ರೆ ಊರಿನ ಪಂಜಾಬಿ ಗೆಳೆಯ.

ಹುಚ್ಚು ಹತ್ತೋದು ಕಷ್ಟ ಇರಲಿಲ್ಲ ಬಿಡಿ. ನಾನು ವಿರಾಜಪೇಟೆ ಕಡೆಯವನು. ನಮ್ಮಲ್ಲಿ ಮಗು ನಡೆಯೋಕೆ ಕಲಿತ ಕೂಡಲೇ ಕೈಗೆ ಸ್ಟಿಕ್ ಕೊಡ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬ ನೋಡುತ್ತಾ ಬೆಳೆದವನು ನಾನು. ಅಲ್ಲಿ ಒಂದು ಒಕ್ಕಕ್ಕೆ, ಅಂದರೆ ಒಂದು ಮನೆತನಕ್ಕೆ, ಒಂದು ತಂಡ. ಕೋಚ್ ಅಂದರೆ ಯಾರೋ ಚಿಕ್ಕಪ್ಪ, ಮ್ಯಾನೇಜರ್ ಅಂದರೆ ಇನ್ನೊಬ್ಬ ಚಿಕ್ಕಪ್ಪ. ಸೋತರೆ ಬೈಯಬಹುದು, ತೆಗೆಯೋಕೆ ಮಾತ್ರ ಆಗಲ್ಲ. ಸಂಜೆ ಪಂದಿಕರಿ ಊಟಕ್ಕೆ ಅದೇ ಚಿಕ್ಕಪ್ಪನ ಮನೆಗೆ ಹೋಗಬೇಕಲ್ವಾ?

ಕೋಚನ್ನು ಮಧ್ಯದಲ್ಲಿ ಕಳಿಸೋದು ಏನು ಅಂತ ನನಗೆ ಮೊದಲು ಗೊತ್ತಾಗಿದ್ದು ಇಂಡಿಯಾ ಹಾಕಿ ತಂಡದಿಂದ. 2014ರಲ್ಲಿ ಟೆರ್ರಿ ವಾಲ್ಶ್ ಹೋದರು, 2015ರಲ್ಲಿ ಪಾಲ್ ವಾನ್ ಆಸ್ ಹೋದರು, 2017ರಲ್ಲಿ ಓಲ್ಟ್‌ಮನ್ಸ್ ಹೋದರು. ಆದರೆ ಅದನ್ನೆಲ್ಲ ಪೇಪರಿನಲ್ಲಿ ಓದಿದ್ದು ಅಷ್ಟೇ. ಒಂದು ತಂಡದ ಮೇಲಿನಿಂದ ಕೆಳಗಿನ ತನಕ ಎಲ್ಲರೂ ಬದಲಾಗೋದನ್ನು ಹತ್ತಿರದಿಂದ, ದುಡ್ಡು ಕೊಟ್ಟು, ಚಳಿಯಲ್ಲಿ ಕೂತು ನೋಡಿದ್ದು ಕನಕ್ಸ್ ತಂಡದಲ್ಲೇ.

ಐಸ್ ಹಾಕಿ ನೋಡದವರಿಗೆ ನಾಲ್ಕು ಮಾತು. ಲೀಗಿನಲ್ಲಿ 32 ತಂಡ. ಈ ಕಥೆ ನಡೆದ ವರ್ಷಗಳಲ್ಲಿ ಪ್ರತಿ ತಂಡಕ್ಕೂ ಅಕ್ಟೋಬರ್‌ನಿಂದ ಏಪ್ರಿಲ್ ತನಕ 82 ಮ್ಯಾಚು. ಗೆದ್ದರೆ 2 ಪಾಯಿಂಟ್. ಅರವತ್ತು ನಿಮಿಷ ಸಮ ಮಾಡಿಕೊಂಡು ಹೆಚ್ಚುವರಿ ಆಟದಲ್ಲಿ ಸೋತರೆ 1. ಕೊನೆಗೆ 16 ತಂಡ ಪ್ಲೇಆಫ್‌ಗೆ, ಅಂದರೆ ಕಪ್‌ಗಾಗಿ ನಡೆಯುವ ನಾಕೌಟ್ ಸುತ್ತುಗಳಿಗೆ. ಇನ್ನೊಂದು ಮುಖ್ಯ ವಿಷಯ ಸಂಬಳದ ಮಿತಿ. 2021-22ರಲ್ಲಿ ಒಂದು ತಂಡ ಆಟಗಾರರಿಗೆ ಒಟ್ಟು 8.15 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡುವಂತಿರಲಿಲ್ಲ. ಕನಕ್ಸ್ ಆ ದುಡ್ಡನ್ನು ಬೇಸಿಗೆಯಲ್ಲೇ ಮುಗಿಸಿ ಕೂತಿತ್ತು. ಸೀಸನ್ ಮಧ್ಯೆ ತಂಡ ಹಾಳಾದರೆ ಆಟಗಾರರನ್ನು ಬದಲಿಸೋದು ಬಲು ಕಷ್ಟ. ಕೋಚ್ ಸಂಬಳಕ್ಕೆ ಈ ಮಿತಿ ಇಲ್ಲ. ಎಲ್ಲ ಕಡೆ ಮೊದಲು ಕೋಚ್ ತಲೆದಂಡ ಯಾಕೆ ಅಂದರೆ ಅರ್ಧ ಉತ್ತರ ಇದೇ.

2021ರ ಆ ಚಳಿಗಾಲ ಊರಿಗೇ ಸರಿ ಇರಲಿಲ್ಲ. ನವೆಂಬರ್ ಮಧ್ಯದಲ್ಲಿ ಸುರಿದ ಮಳೆಗೆ ಆಬಟ್ಸ್‌ಫರ್ಡ್ ಕಡೆ ಹೊಲ ಮನೆ ಎಲ್ಲ ಮುಳುಗಿ, ಹೆದ್ದಾರಿಗಳು ಕೊಚ್ಚಿಹೋಗಿದ್ದವು. ಅಂಗಡಿಗಳಲ್ಲಿ ಹಾಲು ಸಿಗುತ್ತಿರಲಿಲ್ಲ. ಸಂಜೆ ಟಿವಿ ಹಾಕಿದರೆ ಕನಕ್ಸ್ ಸೋಲುತ್ತಿತ್ತು. ತಂಡದ ಮುಖ್ಯ ಆಟಗಾರರಾದ ಪೆಟರ್ಸನ್, ಕ್ವಿನ್ ಹ್ಯೂಸ್ ಇಬ್ಬರಿಗೂ ಹೊಸ ಒಪ್ಪಂದ ಆಗಿತ್ತು, ಆದರೆ ಪೆಟರ್ಸನ್ ಸ್ಟಿಕ್‌ನಿಂದ ಗೋಲೇ ಬರುತ್ತಿರಲಿಲ್ಲ. ಫೌಲಾಗಿ ಒಬ್ಬ ಆಟಗಾರ ಹೊರಗೆ ಕೂತಾಗ ಉಳಿದ ನಾಲ್ವರು ತಡೆದು ನಿಲ್ಲಬೇಕಲ್ಲ, ಅದರಲ್ಲಂತೂ ನಮ್ಮದು ಲೀಗಿನಲ್ಲೇ ಕಳಪೆ. ಎದುರಾಳಿಗೆ ಪವರ್‌ಪ್ಲೇ ಸಿಕ್ಕಿತು ಅಂದರೆ ನನ್ನ ಗೆಳೆಯ ಸುಮ್ನೆ ಎದ್ದು ಚಾ ಮಾಡೋಕೆ ಹೋಗುತ್ತಿದ್ದ.

ಕೋಚ್ ಟ್ರಾವಿಸ್ ಗ್ರೀನ್. ಜನರಲ್ ಮ್ಯಾನೇಜರ್ ಜಿಮ್ ಬೆನಿಂಗ್. ಇಲ್ಲಿ ಜಿಎಂ ಅಂದರೆ ಆಟಗಾರರನ್ನು ಕೊಳ್ಳುವ, ಮಾರುವ, ಒಪ್ಪಂದ ಮಾಡುವ ಮನುಷ್ಯ. ಬೆನಿಂಗ್ 2014ರಿಂದ ಇದ್ದರು. ಏಳು ಪೂರ್ತಿ ಸೀಸನ್‌ಗಳಲ್ಲಿ ತಂಡ ಪ್ಲೇಆಫ್ ಕಂಡಿದ್ದು ಎರಡೇ ಸಲ. ಜನರ ಸಿಟ್ಟು ಕೋಚ್‌ಗಿಂತ ಇವರ ಮೇಲೇ ಜಾಸ್ತಿ ಇತ್ತು.

ಡಿಸೆಂಬರ್ 4, ಶನಿವಾರ. ಪಿಟ್ಸ್‌ಬರ್ಗ್ ವಿರುದ್ಧ ಮ್ಯಾಚು. ಗೆಳೆಯನ ಅಣ್ಣನ ಸೀಸನ್ ಟಿಕೆಟ್‌ನಲ್ಲಿ ನಮಗೂ ಪಾಲಿತ್ತು, ಮೇಲಿನ ಸಾಲಿನ ಸೀಟು. ಅಲ್ಲಿಂದ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಕಾಣೋದು ಕಷ್ಟ, ಆದರೆ ಜನರ ಮೂಡ್ ಚೆನ್ನಾಗಿ ಕಾಣುತ್ತದೆ. 4-1ರಲ್ಲಿ ಸೋತೆವು. ಮೂರನೇ ಪೀರಿಯಡ್‌ನಲ್ಲಿ ಕೂಗು ಶುರುವಾಯಿತು, ‘ಫೈರ್ ಬೆನಿಂಗ್’. ಮೊದಲು ಒಂದು ಮೂಲೆಯಿಂದ, ಆಮೇಲೆ ಇಡೀ ರಾಜರ್ಸ್ ಅರೀನಾ. ಅಪ್ಪ, ಅಮ್ಮ, ಪಾಪ್‌ಕಾರ್ನ್ ತಿನ್ನುತ್ತಿದ್ದ ಮಕ್ಕಳು ಎಲ್ಲರೂ ತಾಳಕ್ಕೆ ಸರಿಯಾಗಿ. ಯಾರೋ ಒಬ್ಬ ತನ್ನ ಜೆರ್ಸಿಯನ್ನೇ ಬಿಚ್ಚಿ ಐಸ್ ಮೇಲೆ ಎಸೆದ. ಇಲ್ಲಿ ಒಂದು ಒಳ್ಳೆ ಜೆರ್ಸಿಗೆ ಇನ್ನೂರು ಡಾಲರ್ ಹತ್ತಿರ ಬೀಳುತ್ತದೆ. ನಾನು ಮೊದಲು ಯೋಚಿಸಿದ್ದು ಅದನ್ನೇ, ಕೊಡಗಿನವನಾದರೂ ಲೆಕ್ಕಾಚಾರದವನು.

ಮಾರನೇ ದಿನ ಭಾನುವಾರ. ಸಂಜೆ ಫೋನ್ ಬಡಿದುಕೊಳ್ಳೋಕೆ ಶುರು. ಬೆನಿಂಗ್ ಹೋದರು. ಗ್ರೀನ್ ಹೋದರು. ಅಸಿಸ್ಟೆಂಟ್ ಜಿಎಂ ಜಾನ್ ವೈಸ್‌ಬ್ರಾಡ್, ಅಸಿಸ್ಟೆಂಟ್ ಕೋಚ್ ನೋಲನ್ ಬಾಮ್‌ಗಾರ್ಟ್ನರ್ ಕೂಡ ಹೋದರು. ತಂಡದ ಲೆಕ್ಕ ಆಗ 8 ಗೆಲುವು, 15 ಸೋಲು, ಹೆಚ್ಚುವರಿ ಆಟದಲ್ಲಿ 2 ಸೋಲು. ಹಳೇ ನಾಯಕ ಸ್ಟ್ಯಾನ್ ಸ್ಮಿಲ್ ಅವರನ್ನು ತಾತ್ಕಾಲಿಕವಾಗಿ ಜಿಎಂ ಕುರ್ಚಿಯಲ್ಲಿ ಕೂರಿಸಿದರು. ಹೊಸ ಕೋಚ್ ಬ್ರೂಸ್ ಬುಡ್ರೋ.

ಈಗ ಗಮನಿಸಿ. ಕಾಯಂ ಜಿಎಂ ಇಲ್ಲ. ಅವರ ಮೇಲಿನ ಪ್ರೆಸಿಡೆಂಟ್ ಇಲ್ಲ. ಕೋಚ್ ಮಾತ್ರ ಬಂದಾಯಿತು. ಅಂದರೆ ಕೋಚನ್ನು ತಂದಿದ್ದು ಮಾಲೀಕರಾದ ಅಕ್ವಿಲಿನಿ. ನಾಲ್ಕು ದಿನ ಬಿಟ್ಟು, ಡಿಸೆಂಬರ್ 9ಕ್ಕೆ, ಜಿಮ್ ರದರ್‌ಫರ್ಡ್ ಪ್ರೆಸಿಡೆಂಟ್ ಆಗಿ ಬಂದರು. ಪಿಟ್ಸ್‌ಬರ್ಗ್‌ನಲ್ಲಿ ಜಿಎಂ ಆಗಿದ್ದಾಗ 2016, 2017ರಲ್ಲಿ ಎರಡು ಕಪ್ ಗೆದ್ದ ಮನುಷ್ಯ. ಅವರು ಬರುವ ಹೊತ್ತಿಗೆ ಕೋಚ್ ಆಗಲೇ ಬೆಂಚಿನ ಹಿಂದೆ ನಿಂತು ಎರಡು ಮ್ಯಾಚು ಗೆದ್ದಿದ್ದರು. ಅವತ್ತು ನಮಗೆ ಇದೊಂದು ವಿಷಯ ಅಂತಲೇ ಅನ್ನಿಸಲಿಲ್ಲ. ನನ್ನ ಪ್ರಕಾರ ಮುಂದಿನ ಹದಿಮೂರು ತಿಂಗಳ ಇಡೀ ಕಥೆ ಆ ನಾಲ್ಕು ದಿನದಲ್ಲಿದೆ.

ಬುಡ್ರೋಗೆ ಸೀಸನ್ ಮಧ್ಯೆ ಬರೋದು, ಹೋಗೋದು ಎರಡೂ ಹೊಸದಲ್ಲ. 2007ರ ನವೆಂಬರ್‌ನಲ್ಲಿ ವಾಷಿಂಗ್ಟನ್ ತಂಡಕ್ಕೆ ಹಾಗೇ ಬಂದು, ಅದೇ ಸೀಸನ್‌ನ ಅತ್ಯುತ್ತಮ ಕೋಚ್ ಪ್ರಶಸ್ತಿ ಗೆದ್ದರು. 2011ರ ನವೆಂಬರ್ 28ಕ್ಕೆ ಅದೇ ವಾಷಿಂಗ್ಟನ್ ಅವರನ್ನು ತೆಗೆಯಿತು, 30ಕ್ಕೆ ಅನಹೈಮ್ ಸೇರಿಸಿಕೊಂಡಿತು. ಮಿನ್ನೆಸೋಟಾ 2020ರ ಫೆಬ್ರವರಿಯಲ್ಲಿ ಮನೆಗೆ ಕಳಿಸಿತ್ತು. ಆಮೇಲೆ ಟಿವಿಯಲ್ಲಿ ವಿಶ್ಲೇಷಣೆ ಮಾಡಿಕೊಂಡಿದ್ದರು. 66 ವಯಸ್ಸು. ದುಂಡು ಮುಖ, ಕೆಂಪು ಕೆನ್ನೆ. ಮಾತು ಜಾಸ್ತಿ ಅಂತ ಅವರಿಗೆ ‘ಗ್ಯಾಬಿ’ ಅನ್ನೋ ಅಡ್ಡಹೆಸರು. ಗ್ರೀನ್ ಅವರ ಬಿಗಿದ ಮುಖ ನೋಡಿ ನೋಡಿ ಸಾಕಾಗಿದ್ದ ನಮಗೆ ಊರಿಂದ ಸೋದರಮಾವ ಬಂದ ಹಾಗಾಯಿತು.

ಡಿಸೆಂಬರ್ 6ರ ಸೋಮವಾರ ಲಾಸ್ ಏಂಜಲೀಸ್ ವಿರುದ್ಧ ಮೊದಲ ಮ್ಯಾಚು. ಆಫೀಸಿನಿಂದ ನೇರ ಸ್ಕೈಟ್ರೇನ್ ಹತ್ತಿ ಸ್ಟೇಡಿಯಂ–ಚೈನಾಟೌನ್‌ನಲ್ಲಿ ಇಳಿದೆವು. ಅರೀನಾ ಹೊರಗೆ ರಾಜರ್ ನೀಲ್ಸನ್ ಅವರ ಕಂಚಿನ ಪ್ರತಿಮೆ ಇದೆ, ಸ್ಟಿಕ್ ತುದಿಗೆ ಟವೆಲ್ ಸಿಕ್ಕಿಸಿ ಎತ್ತಿ ಹಿಡಿದಿರೋದು. ಅವರೂ ಸೀಸನ್ ಮಧ್ಯೆ ಬಂದವರೇ. 1982ರ ಮಾರ್ಚ್‌ನಲ್ಲಿ ಕೋಚ್ ಹ್ಯಾರಿ ನೀಲ್ ಪ್ರೇಕ್ಷಕನ ಜೊತೆ ಜಗಳಕ್ಕೆ ಇಳಿದು ಸಸ್ಪೆಂಡ್ ಆದಾಗ, ಅಸಿಸ್ಟೆಂಟ್ ಆಗಿದ್ದ ನೀಲ್ಸನ್ ಬೆಂಚಿಗೆ ಬಂದರು, ತಂಡವನ್ನು ಫೈನಲ್ ತನಕ ಒಯ್ದರು. ದಾರಿಯಲ್ಲಿ ಚಿಕಾಗೋದಲ್ಲಿ ರೆಫರಿಗೆ ಶರಣಾದೆ ಅಂತ ಗೇಲಿ ಮಾಡೋಕೆ ಬಿಳಿ ಟವೆಲ್ ಎತ್ತಿದ್ದರು. ಇಂದಿಗೂ ಪ್ಲೇಆಫ್ ಬಂದರೆ ಈ ಊರಿನವರು ಬಿಳಿ ಟವೆಲ್ ಬೀಸುತ್ತಾರೆ. ಮಧ್ಯದಲ್ಲಿ ಬಂದ ಕೋಚ್‌ಗೆ ಪ್ರತಿಮೆ ಕಟ್ಟಿದ ಊರು ಇದು. ನಿರೀಕ್ಷೆ ಹೇಗಿರಬೇಡ!

4-0ರಲ್ಲಿ ಗೆದ್ದೆವು. ಗೋಲ್‌ಕೀಪರ್ ಥ್ಯಾಚರ್ ಡೆಮ್ಕೊ ಒಂದನ್ನೂ ಬಿಡಲಿಲ್ಲ. ಮುಂದೆ ಬಾಸ್ಟನ್, ವಿನಿಪೆಗ್, ಕ್ಯಾರೊಲಿನಾ, ಕೊಲಂಬಸ್, ಸ್ಯಾನ್ ಹೋಸೆ, ಒಂದಾದ ಮೇಲೊಂದು ಗೆಲುವು. ಅಷ್ಟರಲ್ಲಿ ಕೋವಿಡ್ ಮತ್ತೆ ಏರಿ ಮ್ಯಾಚುಗಳು ಮುಂದಕ್ಕೆ ಹೋದವು, ಡಿಸೆಂಬರ್ 20ರಿಂದ ಅರೀನಾದಲ್ಲಿ ಅರ್ಧ ಜನಕ್ಕೆ ಮಾತ್ರ ಅವಕಾಶ. ಹೊಸ ವರ್ಷದ ದಿನ ಸಿಯಾಟಲ್‌ನಲ್ಲಿ ಗೆದ್ದಾಗ ಬುಡ್ರೋ ಲೆಕ್ಕ ಒಂಬತ್ತು ಮ್ಯಾಚಿಗೆ ಎಂಟು ಗೆಲುವು. ಇನ್ನೊಂದರಲ್ಲೂ ಶೂಟ್‌ಔಟ್ ತನಕ ಹೋಗಿ ಒಂದು ಪಾಯಿಂಟ್. ಅದೇ ಆಟಗಾರರು, ಅದೇ ಸ್ಕೇಟ್ಸ್. ‘ಬ್ರೂಸ್, ದೇರ್ ಇಟ್ ಈಸ್’ ಅಂತ ಜನ ರಾಗವಾಗಿ ಕೂಗೋದು ಶುರುವಾಗಿತ್ತು. ನಮ್ಮ ಹಿಂದಿನ ಸಾಲಿನ ಅಜ್ಜಿಯೊಬ್ಬರು ಮಾಸ್ಕ್ ಕೆಳಗೆ ಇಳಿಸಿ ಕೂಗಿ, ಮತ್ತೆ ಶಿಸ್ತಾಗಿ ಏರಿಸಿಕೊಳ್ಳುತ್ತಿದ್ದರು.

ಬದಲಾಗಿದ್ದು ಏನು? ಹಿಂದೆ ನಿಂತು ಕಾಯುವ ಆಟ ಬಿಟ್ಟು ಮುಂದೆ ನುಗ್ಗಿ ಪಕ್ ಕಸಿಯುವ ಆಟ ಬಂತು. ಡಿಫೆನ್ಸ್‌ನವರಿಗೂ ದಾಳಿಗೆ ಹೋಗುವ ಧೈರ್ಯ ಬಂತು. ತಪ್ಪು ಮಾಡಿದರೆ ಬೆಂಚಿಗೆ ಅಂಟಿಸ್ತಾರೆ ಅನ್ನೋ ಭಯ ಹೋದ ಹಾಗೆ ಕಂಡಿತು, ಮೇಲಿನ ಸಾಲಿನಿಂದ ಕಾಣುವಷ್ಟು. ಆದರೆ ನೇರವಾಗಿ ಹೇಳಬೇಕು ಅಂದರೆ ಎಲ್ಲಕ್ಕಿಂತ ದೊಡ್ಡ ಕಾರಣ ಡೆಮ್ಕೊ. ಮೊದಲ ಆರು ಗೆಲುವಿನಲ್ಲಿ ತಂಡ ಬಿಟ್ಟುಕೊಟ್ಟಿದ್ದು ಹತ್ತೇ ಗೋಲು. ಅದೃಷ್ಟ ಕೆಟ್ಟ ತಂಡಕ್ಕೆ ಅದೃಷ್ಟ ಎಂದಾದರೂ ಸರಿ ಹೋಗಲೇಬೇಕು. ಆ ಹೊತ್ತಿಗೆ ಯಾರು ಬೆಂಚಿನ ಹಿಂದೆ ನಿಂತಿರ್ತಾರೋ ಹೆಸರು ಅವರಿಗೆ. ಇದನ್ನು ಆಗ ಹೇಳಿದರೆ ಗೆಳೆಯ ಮಾತು ಬಿಡುತ್ತಿದ್ದ.

ಮೇಲಿನ ಮಹಡಿಯಲ್ಲಿ ಹೊಸ ಮನೆ ಕಟ್ಟುವ ಕೆಲಸ ಬೇರೆಯೇ ನಡೆದಿತ್ತು. 2022ರ ಜನವರಿ 26ಕ್ಕೆ ಪ್ಯಾಟ್ರಿಕ್ ಆಲ್ವಿನ್ ಜಿಎಂ ಆದರು. ಸ್ವೀಡನ್‌ನಲ್ಲಿ ಹುಟ್ಟಿದವರೊಬ್ಬರು ಎನ್‌ಎಚ್‌ಎಲ್ ಜಿಎಂ ಆಗಿದ್ದು ಅದೇ ಮೊದಲು. ಅವರೂ ಪಿಟ್ಸ್‌ಬರ್ಗ್‌ನಲ್ಲಿ ರದರ್‌ಫರ್ಡ್ ಜೊತೆ ಕೆಲಸ ಮಾಡಿದವರೇ. ಎಮಿಲಿ ಕಾಸ್ಟಾಂಗೆ, ಕ್ಯಾಮಿ ಗ್ರನಾಟೊ ಎಂಬ ಇಬ್ಬರು ಮಹಿಳೆಯರು ಅಸಿಸ್ಟೆಂಟ್ ಜಿಎಂ ಆದರು. ಒಳ್ಳೆಯ ಕೆಲಸ, ಹೊಗಳಲೇಬೇಕು. ಒಟ್ಟಿನಲ್ಲಿ ಪ್ರೆಸಿಡೆಂಟ್ ಹೊಸಬರು, ಜಿಎಂ ಅವರ ಮನುಷ್ಯ, ಅಸಿಸ್ಟೆಂಟ್‌ಗಳು ಅವರು ಆರಿಸಿದವರು. ಕೋಚ್ ಒಬ್ಬರೇ ಬೇರೆಯವರು ತಂದಿಟ್ಟ ಸಾಮಾನು. ಯಾವುದೇ ಆಫೀಸಿನಲ್ಲಿ ಐದಾರು ವರ್ಷ ಕೆಲಸ ಮಾಡಿದವರಿಗೆ ಇದರ ಮುಂದಿನ ಅಧ್ಯಾಯ ಬರೆದುಕೊಡೋಕೆ ಬರುತ್ತದೆ.

ಆ ಸೀಸನ್ ಮುಗಿದಾಗ ನಮಗೆ 92 ಪಾಯಿಂಟ್. ಪಶ್ಚಿಮದ ತಂಡಗಳಲ್ಲಿ ಪ್ಲೇಆಫ್‌ನ ಕೊನೆಯ ಸ್ಥಾನ ಹಿಡಿದ ನ್ಯಾಶ್‌ವಿಲ್‌ಗೆ 97. ಬುಡ್ರೋ ಬಂದ ಮೇಲಿನ 57 ಮ್ಯಾಚಿನಲ್ಲಿ 32 ಗೆಲುವು, 15 ಸೋಲು, 10 ಹೆಚ್ಚುವರಿ ಆಟದ ಸೋಲು. ಇಡೀ ವರ್ಷ ಹಾಗೇ ಆಡಿದ್ದರೆ ನೂರು ಪಾಯಿಂಟ್ ದಾಟುತ್ತಿತ್ತು. ಜೆ.ಟಿ. ಮಿಲ್ಲರ್ ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಎಲ್ಲ ಸೇರಿ 99 ಪಾಯಿಂಟ್ ಗಳಿಸಿದರು, ಪೆಟರ್ಸನ್ ಮತ್ತೆ ಪೆಟರ್ಸನ್ ಆದರು. ಊರೆಲ್ಲ ಬುಡ್ರೋಗೆ ದೊಡ್ಡ ಒಪ್ಪಂದ ಸಿಗುತ್ತದೆ ಅಂದುಕೊಂಡಿತ್ತು. ಸಿಗಲಿಲ್ಲ. ಇದ್ದ ಒಪ್ಪಂದದಲ್ಲೇ ಇನ್ನೊಂದು ವರ್ಷ ಬನ್ನಿ ಅಂದರು. ಬಂದರು.

ಒಂದೇ ವರ್ಷ ಉಳಿದ ಕೋಚ್ ಅಂದರೆ ಏನು ಅಂತ ಆಟಗಾರರಿಗೂ ಗೊತ್ತು. ಬೈದರೆ ಎಷ್ಟು ದಿನ ಬೈದಾರು?

2022ರ ಅಕ್ಟೋಬರ್ 12. ಎಡ್ಮಂಟನ್‌ನಲ್ಲಿ ಮೊದಲ ಮ್ಯಾಚು. ನಾವು 3-0 ಮುಂದಿದ್ದೆವು. ನಾನು ಅಮ್ಮನಿಗೆ ಫೋನ್ ಮಾಡಿ ಬರುವಷ್ಟರಲ್ಲಿ ಅದು ಕರಗಿಹೋಗಿತ್ತು, ಕೊನೆಗೆ 5-3 ಸೋಲು. ಮುಂದಿನ ಮ್ಯಾಚುಗಳಲ್ಲೂ ಇದೇ ಪಾಡು, ಮುಂದೆ ಹೋಗೋದು, ಬಿಟ್ಟುಕೊಡೋದು. ಮೊದಲ ಏಳು ಮ್ಯಾಚಿನಲ್ಲಿ ಒಂದೂ ಗೆಲುವಿಲ್ಲ. ಊರಿನಲ್ಲಿ ಮೊದಲ ಮ್ಯಾಚು ಅಕ್ಟೋಬರ್ 22ಕ್ಕೆ ಬಫಲೊ ವಿರುದ್ಧ, 5-1ರ ಸೋಲು. ಮತ್ತೆ ಒಂದು ಜೆರ್ಸಿ ಐಸ್ ಮೇಲೆ ಬಿತ್ತು. ಡಿಸೆಂಬರ್ 1ಕ್ಕೆ ಡೆಮ್ಕೊ ಗಾಯಗೊಂಡು ಹೊರಬಿದ್ದರು. ವಾಪಸ್ ಬಂದಿದ್ದು ಫೆಬ್ರವರಿ ಕೊನೆಗೆ. ಹಿಂದಿನ ವರ್ಷ ಕೋಚನ್ನು ದೇವರು ಮಾಡಿದ್ದ ಗೋಲ್‌ಕೀಪರ್ ಈಗ ಗೋಲಿನಲ್ಲೇ ಇಲ್ಲ.

ರದರ್‌ಫರ್ಡ್ ತಂಡದ ಆಟಕ್ಕೆ ಶಿಸ್ತಿಲ್ಲ ಅಂತ ಬಹಿರಂಗವಾಗಿ ಹೇಳೋಕೆ ಶುರು ಮಾಡಿದರು. ಆ ಮಾತು ಸುಳ್ಳಲ್ಲ. ನಮ್ಮ ಕಡೆಯಿಂದ ಪಕ್ ಆಚೆ ತರೋಕೆ ಒದ್ದಾಡುತ್ತಿದ್ದೆವು, ಮೇಲಿನ ಸಾಲಿನಿಂದಲೂ ಕಾಣುತ್ತಿತ್ತು. ನನ್ನ ತಕರಾರು ಮಾತಿನ ಬಗ್ಗೆ ಅಲ್ಲ. ಕೋಚ್ ಬೇಡ ಅನ್ನಿಸಿದ ದಿನ ಕೋಚನ್ನು ಕರೆದು ಹೇಳಬೇಕು, ಅಷ್ಟೇ. ಇಲ್ಲಿ ಹಾಗಾಗಲಿಲ್ಲ. ಜನವರಿ ಬಂದಾಗ ಹೊಸ ಕೋಚ್ ಆಗಿ ರಿಕ್ ಟಾಕೆಟ್ ಬರ್ತಾರಂತೆ ಅನ್ನೋ ಸುದ್ದಿ ರೇಡಿಯೊದಲ್ಲಿ, ಟಿವಿಯಲ್ಲಿ, ಬಾರ್ಬರ್ ಅಂಗಡಿಯಲ್ಲಿ. ಜನವರಿ 16ಕ್ಕೆ ರದರ್‌ಫರ್ಡ್ ಪ್ರೆಸ್‌ಮೀಟ್ ಮಾಡಿದರು. ತಂಡಕ್ಕೆ ಸಣ್ಣ ಆಪರೇಷನ್ ಸಾಕು ಅಂದುಕೊಂಡಿದ್ದೆ, ಈಗ ದೊಡ್ಡದೇ ಬೇಕು ಅನ್ನೋ ಅರ್ಥದಲ್ಲಿ ಮಾತಾಡಿದರು. ಬೇರೆ ಕೋಚ್‌ಗಳ ಜೊತೆ ಮಾತಾಡಿದ್ದನ್ನೂ ಒಪ್ಪಿಕೊಂಡರು. ಬುಡ್ರೋ ಸದ್ಯಕ್ಕೆ ನಮ್ಮ ಕೋಚ್ ಅಂತಲೂ ಹೇಳಿದರು. ಬುಡ್ರೋ ಮಾರನೇ ದಿನವೂ ಪ್ರಾಕ್ಟೀಸಿಗೆ ಬಂದರು. ಅದರ ಮರುದಿನವೂ ಬಂದರು. ಏನು ನಡೀತಿದೆ ಅಂತ ಗೊತ್ತಿಲ್ಲ ಅಂದರೆ ನಾನು ಮೂರ್ಖ ಆಗ್ತೀನಿ ಅನ್ನೋ ಧಾಟಿಯಲ್ಲಿ ವರದಿಗಾರರಿಗೆ ಹೇಳಿ, ಕಣ್ಣು ಒದ್ದೆ ಮಾಡಿಕೊಂಡು ಮತ್ತೆ ಐಸ್‌ಗೆ ಇಳಿದರು.

ಜನವರಿ 21, ಶನಿವಾರ, ಮತ್ತೆ ಎಡ್ಮಂಟನ್ ವಿರುದ್ಧ, ಈ ಸಲ ನಮ್ಮೂರಿನಲ್ಲಿ. ಇದು ಕೊನೆಯ ಮ್ಯಾಚು ಅಂತ ಯಾರೂ ಅಧಿಕೃತವಾಗಿ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಗೆಳೆಯನಿಗೆ ಆರ್ಭಟ ಇಲ್ಲದ ಕಾಮೆಂಟರಿ ರುಚಿಸಲ್ಲ, ಮನೆಯಲ್ಲಿ ಯಾವಾಗಲೂ ಆಮ್ನಿ ಚಾನೆಲ್‌ನ ಪಂಜಾಬಿ ಕಾಮೆಂಟರಿಯನ್ನೇ ಹಾಕ್ತಾನೆ. 2008ರಿಂದ ಇಲ್ಲಿ ಪಂಜಾಬಿಯಲ್ಲಿ ಹಾಕಿ ಕಾಮೆಂಟರಿ ಇದೆ, ಹರ್‌ನಾರಾಯಣ್ ಸಿಂಗ್ ಅಂಥವರು ಅಲ್ಲಿಂದಲೇ ಹೆಸರು ಮಾಡಿದ್ದು. (ಕನ್ನಡದಲ್ಲಿ ಯಾವಾಗ ಅಂತ ನಾನು ಪ್ರತಿ ವರ್ಷ ಕೇಳ್ತೀನಿ, ಅವನು ನಗ್ತಾನೆ.) ಅವತ್ತು ಮಾತ್ರ ಟಿವಿ ಬೇಡ, ಹೋಗಲೇಬೇಕು ಅಂದ.

ಮ್ಯಾಚಿನ ಬಗ್ಗೆ ಬರೆಯೋಕೆ ಜಾಸ್ತಿ ಇಲ್ಲ, 4-2 ಸೋತೆವು. ಮೂರನೇ ಪೀರಿಯಡ್ ಕೊನೆಯ ನಿಮಿಷಗಳಲ್ಲಿ ಮಾತ್ರ ಯಾರೂ ಸ್ಕೋರ್‌ಬೋರ್ಡ್ ನೋಡುತ್ತಿರಲಿಲ್ಲ. ‘ಬ್ರೂಸ್, ದೇರ್ ಇಟ್ ಈಸ್.’ ಹಿಂದಿನ ವರ್ಷ ಗೆದ್ದಾಗ ಕೂಗಿದ್ದ ಅದೇ ಕೂಗು. ಎಡ್ಮಂಟನ್ ಜೆರ್ಸಿ ಹಾಕಿಕೊಂಡು ಬಂದಿದ್ದವರೂ ಸೇರಿಕೊಂಡರು. ದೊಡ್ಡ ಪರದೆಯ ಮೇಲೆ ಬುಡ್ರೋ ಮುಖ ಬಂತು. ತುಟಿ ಬಿಗಿ ಹಿಡಿದು ತಲೆ ಕೆಳಗೆ ಹಾಕಿದರು, ಮತ್ತೆ ಎತ್ತಿದರು, ಕಣ್ಣು ತುಂಬಿತ್ತು. ಪಕ್ಕದಲ್ಲಿ ಆಟಗಾರರು ಎದುರಿನ ಗಾಜನ್ನೇ ದಿಟ್ಟಿಸಿಕೊಂಡು ಕೂತಿದ್ದರು. ಹೂಟರ್ ಆದ ಮೇಲೆ ಅವರು ಕೂಡಲೇ ಒಳಗೆ ಹೋಗಲಿಲ್ಲ. ಬೆಂಚಿನಲ್ಲೇ ಒಂದಿಷ್ಟು ಹೊತ್ತು ನಿಂತು, ಮೇಲೆ ನೋಡಿ ಕೈ ಬೀಸಿದರು. ನಮ್ಮ ಸಾಲಿನಲ್ಲಿ ಗಡ್ಡದ ದೊಡ್ಡ ಮನುಷ್ಯನೊಬ್ಬ ಬಿಯರ್ ಕಪ್ಪನ್ನು ನೆಲಕ್ಕಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆದ. ಇಲ್ಲಿ ಬಿಯರ್ ಬೆಲೆ ಗೊತ್ತಿದ್ದವರಿಗೆ ಅದು ಸಣ್ಣ ಗೌರವ ಅಲ್ಲ.

ಭಾನುವಾರ ಬೆಳಗ್ಗೆ ಸುದ್ದಿ ಬಂತು. ಬುಡ್ರೋ ಔಟ್, ಟಾಕೆಟ್ ಇನ್. ಸಹಾಯಕ್ಕೆ ಆಡಮ್ ಫೂಟ್, ಸೆರ್ಗೆ ಗೊಂಚಾರ್. ಟಾಕೆಟ್ ಯಾರು ಅಂತ ಹೇಳಲೇಬೇಕು. ಪಿಟ್ಸ್‌ಬರ್ಗ್ ಆ ಎರಡು ಕಪ್ ಗೆದ್ದಾಗ ರದರ್‌ಫರ್ಡ್ ಕೈಕೆಳಗೆ ಅಸಿಸ್ಟೆಂಟ್ ಕೋಚ್ ಆಗಿದ್ದವರು. ಕೊನೆಗೂ ಬಾಸ್‌ಗೆ ತಮ್ಮ ಕೋಚ್ ಸಿಕ್ಕಿದರು. ಒಂದು ವರ್ಷ, ಒಂದೂವರೆ ತಿಂಗಳು ತಡವಾಗಿ.

ಜನವರಿ 24ಕ್ಕೆ ಚಿಕಾಗೋ ವಿರುದ್ಧ ಟಾಕೆಟ್ ಅವರ ಮೊದಲ ಮ್ಯಾಚು. 5-2 ಗೆಲುವು. ಗೆದ್ದರೂ ಮನೆಯಲ್ಲಿ ಯಾರಿಗೂ ಚಪ್ಪಾಳೆ ತಟ್ಟೋ ಮನಸ್ಸಿರಲಿಲ್ಲ. ಆರು ದಿನ ಬಿಟ್ಟು ನಾಯಕ ಬೋ ಹೋರ್ವಟ್ ಅವರನ್ನೇ ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಕೊಟ್ಟುಬಿಟ್ಟರು. ಆ ವರ್ಷ ಅಷ್ಟರಲ್ಲಾಗಲೇ 31 ಗೋಲು ಹೊಡೆದಿದ್ದ ಹುಡುಗ. ದೊಡ್ಡ ಆಪರೇಷನ್ ಅಂದಿದ್ದು ಸುಮ್ನೆ ಅಲ್ಲ ಅಂತ ಆಗ ಗೊತ್ತಾಯಿತು. ಟಾಕೆಟ್ ಕೈಯಲ್ಲಿ ಉಳಿದ 36 ಮ್ಯಾಚಿನಲ್ಲಿ 20 ಗೆಲುವು ಬಂತು. ಟಿವಿಯವರು ಎಲ್ಲ ಶಿಸ್ತಿನ ಫಲ ಅಂದರು. ಡೆಮ್ಕೊ ವಾಪಸ್ ಬಂದಿದ್ದರಲ್ಲ, ಅದನ್ನು ನಾನು ಗೆಳೆಯನಿಗೆ ನೆನಪಿಸಿದೆ. ಈ ಸಲ ಅವನು ಮಾತು ಬಿಡಲಿಲ್ಲ.

ಇಷ್ಟು ಹೇಳಿ ಟಾಕೆಟ್‌ಗೆ ಸಲ್ಲಬೇಕಾದ್ದು ಸಲ್ಲಿಸದಿದ್ದರೆ ಅನ್ಯಾಯ. ಮುಂದಿನ ಸೀಸನ್, 2023-24ರಲ್ಲಿ, ತಂಡ 50 ಮ್ಯಾಚು ಗೆದ್ದು 109 ಪಾಯಿಂಟ್ ಗಳಿಸಿ ಪೆಸಿಫಿಕ್ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂತು. ಕ್ವಿನ್ ಹ್ಯೂಸ್ ನಾಯಕ. ವರ್ಷದ ಅತ್ಯುತ್ತಮ ಕೋಚ್ ಪ್ರಶಸ್ತಿ ಟಾಕೆಟ್‌ಗೆ. ಪ್ರೆಸಿಡೆಂಟ್, ಜಿಎಂ, ಕೋಚ್ ಮೂವರೂ ಒಂದೇ ಮಾತಾಡುವ ತಂಡ ಹೇಗಿರುತ್ತದೆ ಅಂತ ಆ ವರ್ಷ ನೋಡಿದೆವು. ಅದಕ್ಕೇ ಹೊಟ್ಟೆ ಉರಿಯೋದು. ಇದೇ ಕೆಲಸ 2021ರ ಡಿಸೆಂಬರ್‌ನಲ್ಲಿ ಸರಿಯಾದ ಕ್ರಮದಲ್ಲಿ ಮಾಡಬಹುದಿತ್ತು. ಒಂದು ವಾರ ತಾಳಿಕೊಂಡು, ಅಲ್ಲಿಯ ತನಕ ಇದ್ದ ಅಸಿಸ್ಟೆಂಟ್ ಒಬ್ಬರನ್ನು ನಿಲ್ಲಿಸಿ, ಮೊದಲು ಪ್ರೆಸಿಡೆಂಟ್, ಆಮೇಲೆ ಜಿಎಂ, ಆಮೇಲೆ ಕೋಚ್. ಗೆಳೆಯ ಒಪ್ಪಲ್ಲ. ಹಾಗೆ ಮಾಡಿದ್ದರೆ ಬ್ರೂಸ್ ನಮಗೆ ಸಿಗುತ್ತಲೇ ಇರಲಿಲ್ಲ, ಆ ಒಂಬತ್ತು ಮ್ಯಾಚಿನ ಖುಷಿ ಬೇಡವಾ ನಿನಗೆ ಅಂತ ಕೇಳ್ತಾನೆ. ಅದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ.

2024ರ ಏಪ್ರಿಲ್‌ನಲ್ಲಿ ನನಗೆ ಎರಡೂ ಕಡೆ ಹಾಕಿ. ಅತ್ತ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್, 360 ಒಕ್ಕಗಳು ಸೇರಿ ಗಿನ್ನೆಸ್ ದಾಖಲೆ. ಬೆಳಗ್ಗೆ ಎದ್ದು ಫೋನಿನಲ್ಲಿ ಅದರ ವಿಡಿಯೊ, ಸಂಜೆ ಇಲ್ಲಿ ಪ್ಲೇಆಫ್. ಮೊದಲ ಸುತ್ತಿನಲ್ಲಿ ನ್ಯಾಶ್‌ವಿಲ್ ತಂಡವನ್ನು ಆರು ಮ್ಯಾಚಿನಲ್ಲಿ ಕೆಡವಿದೆವು. ಡೆಮ್ಕೊ ಮೊದಲ ಮ್ಯಾಚಿನ ನಂತರ ಮತ್ತೆ ಗಾಯ. ನಾಲ್ಕನೇ ಮ್ಯಾಚಿನಿಂದ ಲಾಟ್ವಿಯಾದ ಹುಡುಗ ಆರ್ಟುರ್ಸ್ ಶಿಲೊವ್ಸ್ ಗೋಲು ಕಾದ.

ಎರಡನೇ ಸುತ್ತಿಗೆ ಎಡ್ಮಂಟನ್ ಬಂತು. ಈ ತಂಡದ ಕಥೆ ಕೇಳಿ. 2023ರ ಅಕ್ಟೋಬರ್ 11ಕ್ಕೆ, ಇಬ್ಬರಿಗೂ ಸೀಸನ್‌ನ ಮೊದಲ ಮ್ಯಾಚಿನಲ್ಲಿ, ನಾವು ಅವರನ್ನು 8-1ರಲ್ಲಿ ಹೊಡೆದಿದ್ದೆವು. ನವೆಂಬರ್ 6ಕ್ಕೆ ಮತ್ತೆ 6-2. ಹದಿಮೂರು ಮ್ಯಾಚಿಗೆ ಮೂರೇ ಗೆಲುವು ಇದ್ದಾಗ, ನವೆಂಬರ್ 12ಕ್ಕೆ ಅವರು ಕೋಚ್ ಜೇ ವುಡ್‌ಕ್ರಾಫ್ಟ್ ಅವರನ್ನು ತೆಗೆದರು. ಆ ವುಡ್‌ಕ್ರಾಫ್ಟ್ ಕೂಡ 2022ರ ಫೆಬ್ರವರಿಯಲ್ಲಿ ಹೀಗೇ ಮಧ್ಯದಲ್ಲಿ ಬಂದವರು. ಹೊಸದಾಗಿ ಬಂದ ಕ್ರಿಸ್ ನಾಬ್ಲಾಕ್ ಅವರು ಎಡ್ಮಂಟನ್ ನಾಯಕ ಕಾನರ್ ಮೆಕ್‌ಡೇವಿಡ್‌ಗೆ ಜೂನಿಯರ್ ದಿನಗಳ ಕೋಚ್. ಅವರನ್ನು ತಂದಾಗ ತಂಡದ ಮೇಲಿದ್ದ ಜೆಫ್ ಜಾಕ್ಸನ್ ಹಿಂದೆ ಮೆಕ್‌ಡೇವಿಡ್‌ನ ಏಜೆಂಟ್, ಆಗಸ್ಟ್‌ನಲ್ಲಷ್ಟೇ ಸೇರಿದ್ದವರು. ನೋಡಿ, ಅಲ್ಲಿ ಬಾಸ್ ಮೊದಲು ಬಂದರು, ಮೂರು ತಿಂಗಳು ಕಾದರು, ಆಮೇಲೆ ತಮಗೆ ಬೇಕಾದ ಕೋಚನ್ನು ಕರೆಸಿಕೊಂಡರು. ಆಮೇಲೆ ಆ ತಂಡ ಸತತ 16 ಮ್ಯಾಚು ಗೆದ್ದಿತು. ಲೀಗಿನ ದಾಖಲೆಗೆ ಒಂದೇ ಕಮ್ಮಿ.

ಮೇ 20ಕ್ಕೆ ಏಳನೇ ಮ್ಯಾಚು, ರಾಜರ್ಸ್ ಅರೀನಾದಲ್ಲಿ. ಬಿಳಿ ಟವೆಲ್ ಎಲ್ಲ ಬೀಸಿ ಆಯಿತು. ಮೂರು ಗೋಲು ಹಿಂದಿದ್ದ ನಮ್ಮವರು ಕೊನೆಗೆ ಎರಡು ವಾಪಸ್ ಹೊಡೆದರು, ಸಾಲಲಿಲ್ಲ, 3-2. ಎಡ್ಮಂಟನ್ ಮುಂದೆ ಫೈನಲ್ ತನಕ ಹೋಯಿತು. ಸ್ಕೈಟ್ರೇನಿನಲ್ಲಿ ಸೀಟು ಇರಲಿಲ್ಲ. ಕಂಬ ಹಿಡಿದು ನಿಂತಿದ್ದ ಗೆಳೆಯ ಸುಮಾರು ಹೊತ್ತು ಏನೋ ಲೆಕ್ಕ ಹಾಕಿ, ‘ಅಕ್ಟೋಬರ್‌ನಲ್ಲಿ ನಾವು ಅಷ್ಟು ಹೊಡೀಬಾರದಿತ್ತು ಕಣೋ, ಅವರ ಹಳೇ ಕೋಚೇ ಇರ್ತಿದ್ದ’ ಅಂದ. ಪಕ್ಕದಲ್ಲಿದ್ದ ಎಡ್ಮಂಟನ್ ಜೆರ್ಸಿಯವನು ನಕ್ಕು ಅವನಿಗೆ ಥ್ಯಾಂಕ್ಸ್ ಹೇಳಿದ.